ಮೇಷ್ಟರ ಎಂಜಲು

ಮೊಂಟೆವಿಡಿಯೊದಂಥ ಊರಲ್ಲಿದ್ದುಕೊಂಡು ಎಂಜಲಿಗೆ ಹೆದರುವುದಿದೆಯಲ್ಲ, ಅದಕ್ಕಿಂತ ದಂಡದ ಕೆಲಸ ಇನ್ನೊಂದಿಲ್ಲ. ಇಲ್ಲಿ ಬಸ್ ಡ್ರೈವರಿನಿಂದ ಹಿಡಿದು ನ್ಯಾಯಾಧೀಶರವರೆಗೆ ಎಲ್ಲರ ಕಂಕುಳಲ್ಲೂ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆಯ ಸೋರೆಬುರುಡೆ. ಬುರುಡೆಯೊಳಗೆ ಕಹಿ ಎಲೆಯ ಪುಡಿ, ಅದರಲ್ಲಿ ನೆಟ್ಟ ಒಂದೇ ಒಂದು ಲೋಹದ ಕೊಳವೆ. ಒಬ್ಬರು ಹೀರಿ ಖಾಲಿ ಮಾಡುತ್ತಾರೆ, ಬುರುಡೆಯ ಯಜಮಾನ ಮತ್ತೆ ನೀರು ಹೊಯ್ದು ಪಕ್ಕದವರಿಗೆ ಕೊಡುತ್ತಾನೆ, ಅವರು ಅದೇ ಕೊಳವೆಗೆ ಬಾಯಿ ಹಚ್ಚುತ್ತಾರೆ. ಕೊಳವೆ ಒರೆಸಿಕೊಂಡು ಕುಡಿದಿರೋ, ಅಲ್ಲಿಗೆ ಸ್ನೇಹ ಖಲಾಸ್. ಇಂಥ ಊರಲ್ಲಿ ಸುಲ್ಮಾ ಪಿರಿಸ್ ಎಂಬ ಹೆಂಗಸು ಅರ್ಧ ಆಯುಷ್ಯ ಮಡಿ ಮಾಡಿಕೊಂಡು ಬದುಕಿದಳು. ದೇವರಿಗಾಗಿ ಅಲ್ಲ, ಆರ್‌ಎನ್‌ಎಗಾಗಿ.

ಆರ್‌ಎನ್‌ಎ ಅಂದರೆ ಜೀವಕೋಶದೊಳಗಿನ ಒಂದು ನೂಲು. ಅದರ ಪಾಡಿಗೆ ಬಿಟ್ಟರೆ ತನ್ನ ಮೇಲೆ ತಾನೇ ಮಡಚಿಕೊಂಡು ಒಂದು ಆಕಾರ ತಾಳುತ್ತದೆ. ಪ್ರತಿ ಸಲವೂ ಅದೇ ಮಡಿಕೆ, ಅದೇ ಗಂಟು. ಆ ಆಕಾರ ಗೊತ್ತಾದರೆ ಅದು ಮಾಡುವ ಕೆಲಸದ ಸುಳಿವೂ ಸಿಗುತ್ತದೆ. ಆದರೆ ಕಣ್ಣಿಗೆ ಬೀಳುವ ವಸ್ತುವಲ್ಲ. ಅಸಂಖ್ಯ ನೂಲುಗಳನ್ನು ಒಂದು ಹನಿ ದ್ರವದಲ್ಲಿ ಸಾಲಾಗಿ ಕೂರಿಸಿ, ಕಲ್ಲುಸಕ್ಕರೆ ಕಟ್ಟಿದ ಹಾಗೆ ಹರಳು ಕಟ್ಟಿಸಿ, ಆ ಹರಳಿಗೆ ಎಕ್ಸ್-ರೇ ಹಾಯಿಸಿ, ಆಚೆ ಚೆದರಿ ಬಿದ್ದ ಚುಕ್ಕೆಗಳಿಂದ ಲೆಕ್ಕ ಹಾಕಿ ಆಕಾರ ತಿಳಿಯಬೇಕು. ಕೇಳುವುದಕ್ಕೆ ಸಲೀಸು. ಮಾಡಹೊರಟರೆ ಹಣೆ ಹಣೆ ಚಚ್ಚಿಕೊಳ್ಳಬೇಕು. ಮನುಷ್ಯರ ಎಂಜಲಲ್ಲಿ, ಬೆವರಲ್ಲಿ, ಬೆರಳ ತುದಿಯಲ್ಲಿ ಆರ್‌ಎನ್‌ಎಯನ್ನು ಕಡಿದು ಹಾಕುವ ಕಿಣ್ವ ಇರುತ್ತದೆ. ಆ ಕಿಣ್ವವೋ, ಕುದಿಸಿದರೂ ಜಪ್ಪಯ್ಯ ಅನ್ನುವುದಿಲ್ಲ.

ಸುಲ್ಮಾ ಹುಟ್ಟಿದ್ದು ಉತ್ತರದ ತಕ್ವರೆಂಬೊ ಸೀಮೆಯಲ್ಲಿ. ಅಪ್ಪ ಯಾರದೋ ದನದ ಎಸ್ಟೇಟಿನಲ್ಲಿ ಆಳು. ಬೇಸಗೆಯಲ್ಲಿ ದನಗಳನ್ನು ಔಷಧದ ಹೊಂಡಕ್ಕೆ ಇಳಿಸಿ, ಈಜಿಸಿ, ಆಚೆ ದಡಕ್ಕೆ ಹತ್ತಿಸಿ ಉಣ್ಣಿ ಬಿಡಿಸುವುದು ಅವನ ಪಾಲಿನ ಕೆಲಸ. ಆ ಔಷಧದ ಘಾಟು ಅವನ ಅಂಗಿಯಿಂದ ಕೊನೆಯವರೆಗೂ ಹೋಗಲಿಲ್ಲ. ಮುಂದೆ ಅವಳು ಓದಲು ಸೇರಿದ ಮೊಂಟೆವಿಡಿಯೊದ ಪ್ರಯೋಗಾಲಯದಲ್ಲಿ, ದನದ ಉಣ್ಣಿಯ ಜೊಲ್ಲುಗ್ರಂಥಿಯಲ್ಲಿ ಯಾರೂ ಹೆಸರಿಡದ ಪುಟ್ಟ ಆರ್‌ಎನ್‌ಎ ಒಂದು ಸಿಕ್ಕಿತು. ಉಳಿದವರು ಅದನ್ನು ಬದಿಗಿಟ್ಟು ಮುಂದಕ್ಕೆ ಹೋದರು, ಸುಲ್ಮಾ ಗಂಟುಬಿದ್ದಳು. ಅದು ಏನು ಮಾಡುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ಆಕಾರ ನೋಡಿದರೆ ತಿಳಿದೀತು ಎಂದುಕೊಂಡಳು. ಹಾಗೆ ಅಂದುಕೊಂಡಾಗ ಅವಳ ತಲೆಯಲ್ಲಿ ಒಂದೂ ನರೆಗೂದಲಿರಲಿಲ್ಲ.

ಅವಳನ್ನು ಈ ಕೆಲಸಕ್ಕೆ ಹಚ್ಚಿದವರು ವಾಷಿಂಗ್ಟನ್ ಇರಿಸಾರಿ ಮೇಷ್ಟರು. ಉತ್ತರದ ಹಳ್ಳಿ ಮಾತು, ಅಕ್ಕನ ಹಳೇ ಕೋಟು, ಇಷ್ಟೇ ಬಂಡವಾಳದಲ್ಲಿ ಅವಳು ಮೊದಲ ದಿನ ಬಾಗಿಲಲ್ಲಿ ನಿಂತಾಗ ಉಳಿದ ವಿದ್ಯಾರ್ಥಿಗಳು ಮುಸಿಮುಸಿ ನಕ್ಕಿದ್ದರು. ಮೇಷ್ಟರು ಮಾತ್ರ ಏನೂ ಕೇಳಲಿಲ್ಲ. ತಾವು ಕುಡಿಯುತ್ತಿದ್ದ ಬುರುಡೆಗೆ ನೀರು ಹೊಯ್ದು, "ತಗೋ ಹುಡುಗಿ, ಆರಿಹೋಗುತ್ತೆ," ಎಂದು ಕೈಗಿಟ್ಟರು. ಅವಳು ಕುಡಿದಳು. ಆಮೇಲೆ ಯಾರೂ ನಗಲಿಲ್ಲ. ಆ ಕೋಣೆಯಲ್ಲಿ ತನಗೊಂದು ಜಾಗ ಸಿಕ್ಕಿತೆಂದು ಸುಲ್ಮಾಗೆ ಅನ್ನಿಸಿದ್ದು ಆಗಲೇ, ಸೇರಿಸಿಕೊಂಡ ಪತ್ರ ಬಂದಾಗಲ್ಲ.

ಈಗ ಅವಳಿಗೂ ವಯಸ್ಸಾಯಿತು. ಮದುವೆಯಾಗಿತ್ತು, ಬಿಟ್ಟುಹೋಗಿತ್ತು, ಅದರ ಬಗ್ಗೆ ಅವಳೂ ಹೆಚ್ಚು ಹೇಳುವುದಿಲ್ಲ, ನಾವೂ ಕೆದಕುವುದು ಬೇಡ. ಮಂಡಿನೋವು ಬಂದಿತ್ತು. ಇಲ್ಲಿ ಆಗಸ್ಟೆಂದರೆ ನಡು ಚಳಿಗಾಲ, ನದಿ ಕಡೆಯಿಂದ ಬೀಸುವ ಗಾಳಿ ಬಸ್ಸಿನ ಕಿಟಕಿ ಸಂದಿಯಿಂದ ನುಗ್ಗಿ ಮೂಳೆಗೇ ತಾಗುತ್ತಿತ್ತು. ಡಿಸೆಂಬರಿಗೆ ನಿವೃತ್ತಿ. ಅವಳ ಮೇಜು, ಅವಳ ಫ್ರಿಜ್ಜು ಎರಡೂ ಪಕ್ಕದಲ್ಲಿ ಪ್ರೋಟೀನಿನ ಸಂಶೋಧನೆ ಮಾಡುವವರಿಗೆ ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು. ಬ್ರೆಜಿಲಿನ ಕಂಪೀನಾಸಿನಲ್ಲಿರುವ ದೊಡ್ಡ ಎಕ್ಸ್-ರೇ ಯಂತ್ರದವರು ಅಕ್ಟೋಬರಿನಲ್ಲಿ ಒಂದು ಸರದಿ ಕೊಟ್ಟಿದ್ದರು. ಅದೇ ಕೊನೆ. ಅಷ್ಟರೊಳಗೆ ಒಂದು ಹರಳು ಕಟ್ಟಿದರೆ ಉಂಟು, ಇಲ್ಲದಿದ್ದರೆ ತನ್ನ ಆಯುಷ್ಯವನ್ನೆಲ್ಲ ತಿಂದ ಆ ನೂಲಿನ ಮುಖ ನೋಡದೆಯೇ ಮನೆಗೆ ಹೋಗಬೇಕು. ಅವಳಿಗೆ ಪ್ರಶಸ್ತಿ ಬೇಕಿರಲಿಲ್ಲ, ಹೆಸರೂ ಬೇಕಿರಲಿಲ್ಲ. ಒಂದು ಸಲ ನೋಡಬೇಕಿತ್ತು, ಅಷ್ಟೆ.

ಕಂಪ್ಯೂಟರನ್ನು ಕೇಳಿಲ್ಲವೆ ಎಂದರೆ ಕೇಳಿದ್ದಳು. ಈಗಿನ ಜಾಣ ಕಂಪ್ಯೂಟರುಗಳು ನೂಲಿನಲ್ಲಿ ಪೋಣಿಸಿದ ರಾಸಾಯನಿಕ ಅಕ್ಷರಗಳನ್ನು ಕೊಟ್ಟರೆ ಆಕಾರ ಹೇಳುತ್ತವಂತೆ. ಅವಳ ಆರ್‌ಎನ್‌ಎಗೆ ಅದು ಒಂದೊಂದು ಸಲ ಒಂದೊಂದು ಮುಖ ತೋರಿಸಿತು, ಎಲ್ಲವನ್ನೂ ಅದೇ ಧೈರ್ಯದಿಂದ ಹೇಳಿತು. ಸುಲ್ಮಾ ಅದನ್ನು ಮುಚ್ಚಿ ಮತ್ತೆ ಹರಳಿಗೆಂದು ಹನಿ ಇಡಲು ಹೋದಳು.

ತೊಂದರೆ ಏನೆಂದರೆ ಆರ್‌ಎನ್‌ಎ ಇಡಿಯಾಗಿ ಉಳಿಯುತ್ತಿರಲಿಲ್ಲ. ಉಳಿದಿದೆಯೋ ಇಲ್ಲವೋ ನೋಡಲು ಒಂದು ಉಪಾಯವಿದೆ: ಜೆಲ್ ಎಂಬ ಲೋಳೆ ಹಾಳೆಯ ಮೇಲೆ ವಿದ್ಯುತ್ತಿನಿಂದ ಓಡಿಸಿದರೆ, ಇಡೀ ನೂಲು ಒಂದು ಗೆರೆಯಾಗಿ ನಿಲ್ಲುತ್ತದೆ, ಕಡಿದುಹೋಗಿದ್ದರೆ ಎರಡು ಗೆರೆ. ಅವಳದು ಮಾಡಿದ ದಿನ ಒಂದು ಗೆರೆ, ಹನಿ ಇಡುವ ಹೊತ್ತಿಗೆ ಎರಡು. ಎರಡು ಗೆರೆ ಕಂಡರೆ ನಳಿಕೆಯನ್ನು ಕಸಕ್ಕೆ ಎಸೆದು ಮೊದಲಿಂದ ಶುರು ಮಾಡುವುದು. ವರ್ಷಗಟ್ಟಲೆ ಇದೇ ಆಯಿತು. ಸುಲ್ಮಾಗೆ ಇದೆಲ್ಲ ಎಂಜಲಿನ ಕಾಟವೆಂದು ಖಾತ್ರಿಯಿತ್ತು. ತಿನ್ನಬಾರದು, ಕುಡಿಯಬಾರದು ಎಂಬ ನಿಯಮ ಗೋಡೆಯ ಮೇಲಿತ್ತು, ಮಾಟೆ ಮೇಜಿನ ಮೇಲಿತ್ತು. ಮೊದಲು ಅವಳು ಮಾಟೆಯನ್ನು ಕೋಣೆಯಿಂದ ಓಡಿಸಿದಳು. ಆಮೇಲೆ ಊಟದ ಡಬ್ಬಿಗಳನ್ನು. ಆಮೇಲೆ ನೆಲ ಒರೆಸುವವಳನ್ನು, ಆಮೇಲೆ ಒಮ್ಮೆ ಸೀನಿದ್ದ ಒಬ್ಬ ಸಂಶೋಧಕನನ್ನು. ಪ್ರತಿ ಸಲ ಎರಡು ಗೆರೆ ಬಂದಾಗ ಒಬ್ಬರಿಗೆ ಗಡಿಪಾರು. ಕೊನೆಗೆ ಅವಳ ಮೇಜಿನ ಸುತ್ತ ಯಾರೂ ಸುಳಿಯದಂತಾಯಿತು.

ಒಬ್ಬರನ್ನು ಬಿಟ್ಟು.

ಇರಿಸಾರಿ ಮೇಷ್ಟರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಹೆಂಡತಿ ಎಲಿದಾ ತೀರಿಕೊಂಡ ಮೇಲೆ ಅವರು ಮಂಗಳವಾರ ಮಂಗಳವಾರ ಪ್ರಯೋಗಾಲಯಕ್ಕೆ ಬರತೊಡಗಿದರು. ಯಾಕೆ ಮಂಗಳವಾರ ಎಂದರೆ, ತಣ್ಣನೆ ಕೋಣೆ ಸುಲ್ಮಾಗೆ ಸಿಗುತ್ತಿದ್ದದ್ದು ಅಂದೇ. ಅಂದು ಅವಳು ಆರ್‌ಎನ್‌ಎಯನ್ನು ಬೆಚ್ಚಗೆ ಮಾಡಿ, ಮಡಚಿಕೊಳ್ಳಲೆಂದು ಒಂದಿಷ್ಟು ಮೆಗ್ನೀಸಿಯಂ ಬೆರೆಸಿ, ಆಮೇಲೆ ಹನಿ ಇಡುತ್ತಿದ್ದಳು. ಹನಿ ಇಡುವ ದಿನ ತಾವೂ ಇರಬೇಕು ಎಂಬುದು ಮುದುಕರ ಆಸೆ. ಟೈ ಕಟ್ಟಿಕೊಂಡು, ಕಂಕುಳಲ್ಲಿ ಫ್ಲಾಸ್ಕು ಇರುಕಿಕೊಂಡು, ಬೇಕರಿಯ ಉಪ್ಪು ಬಿಸ್ಕತ್ತಿನ ಕಾಗದದ ಚೀಲ ಹಿಡಿದು ಬಂದು ಅವಳ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದರು. ಅವರನ್ನು ಆಚೆ ಹೋಗಿ ಕುಡಿಯಿರಿ ಎನ್ನಲು ಸುಲ್ಮಾಗೆ ಬಾಯಿ ಬರಲಿಲ್ಲ.

ಆ ಆಗಸ್ಟಿನಲ್ಲಿ ಮತ್ತೆ ಎರಡು ಗೆರೆ ಬಂತು. ಪಕ್ಕದ ಮೇಜಿನ ಮಿಲ್ಟನ್ ಕಬ್ರಾಲ್ ಬಗ್ಗಿ ನೋಡಿದ. ಪ್ರೋಟೀನಿನ ಮನುಷ್ಯ, ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಸುಲ್ಮಾಗೆ ಹಳೇ ಗೆಳೆಯ.

"ಯಾವತ್ತು ಇಟ್ಟಿದ್ದು?" ಎಂದು ಕೇಳಿದ.

"ಮಂಗಳವಾರ."

"ಹೋದ ಸಲ?"

"ಅದೂ ಮಂಗಳವಾರಾನೇ. ಬೇರೆ ದಿನ ಕೋಣೆ ಎಲ್ಲಿ ಕೊಡ್ತೀರ ನೀವು?"

"ಮಂಗಳವಾರ ಇಲ್ಲಿ ಯಾರು ಬರ್ತಾರೆ ಅಂತ ನಾನು ಹೇಳ್ಲಾ, ನೀನೇ ಹೇಳ್ತೀಯಾ?"

"ಸುಮ್ನಿರು ಮಿಲ್ಟನ್."

"ನಾನು ಸುಮ್ನಿರ್ತೀನಿ ಕಣೇ. ಕಿಣ್ವ ಸುಮ್ನಿರಲ್ವಲ್ಲ. ನಮ್ಮನ್ನೆಲ್ಲ ಚಳೀಲಿ ಮೆಟ್ಟಿಲ ಮೇಲೆ ಕೂತು ಕುಡೀರಿ ಅಂತ ಓಡಿಸ್ತೀಯ. ಮೇಷ್ಟ್ರು ಮಾತ್ರ ನಿನ್ನ ಮೊಣಕೈ ಪಕ್ಕ ಕೂತು ಸೊರ್ ಅಂತ ಹೀರ್ತಾರೆ. ದೊಡ್ಡವರ ಎಂಜಲೇನು ತೀರ್ಥಾನಾ?"

ಸುಲ್ಮಾ ಎರಡು ಗೆರೆಯ ನಳಿಕೆಯನ್ನು ಕಸಕ್ಕೆ ಎಸೆದಳು. ಹಿಂದಿನ ವಾರ ಅವಳೇ ಕಣ್ಣಾರೆ ಕಂಡಿದ್ದಳು: ಮೇಷ್ಟರು ಸಹಾಯ ಮಾಡುವ ಉತ್ಸಾಹದಲ್ಲಿ, ಈಗಷ್ಟೇ ಕೊಳವೆ ಹಿಡಿದಿದ್ದ ಬರಿಗೈಯಲ್ಲೇ, ದ್ರವ ಅಳೆದು ಹಾಕುವ ಅವಳ ಪಿಪೆಟ್ಟಿನ ಮೂತಿಗಳ ಡಬ್ಬಿಯ ಮುಚ್ಚಳ ತೆಗೆದುಕೊಟ್ಟಿದ್ದರು. ಅವಳು ಆ ಡಬ್ಬಿಯನ್ನು ಆಮೇಲೆ ಸದ್ದಿಲ್ಲದೆ ಎಸೆದಿದ್ದಳು. ಎಸೆಯುವ ಮೊದಲು ಅವರು ಮುಟ್ಟಿದ್ದು ಇನ್ನೇನೇನೋ, ಯಾರಿಗೆ ಗೊತ್ತು. ಗುಮಾನಿ ಪಡಲು ಆ ಕೋಣೆಯಲ್ಲಿ ಇನ್ನು ಬೇರೆ ಮನುಷ್ಯರೇ ಉಳಿದಿರಲಿಲ್ಲ.

ಆ ವಾರವೆಲ್ಲ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಅಕ್ಟೋಬರಿನ ಸರದಿ ಕಣ್ಣೆದುರಿಗೇ ಇತ್ತು. ಆರ್‌ಎನ್‌ಎ ಮಾಡುವ ಸಾಮಾನು ಇನ್ನೊಂದೇ ಸಲಕ್ಕೆ ಸಾಲುವಷ್ಟಿತ್ತು, ಹೊಸದು ಬರುವ ಹೊತ್ತಿಗೆ ಸರದಿ ದಾಟಿಹೋಗಿರುತ್ತಿತ್ತು. ದಣಿದವರು ಸರಿ ತಪ್ಪು ತೂಗುವುದಿಲ್ಲ, ಹತ್ತಿರ ಇರುವುದನ್ನು ಹಿಡಿದುಕೊಳ್ಳುತ್ತಾರೆ. ಸುಲ್ಮಾ ತೀರಾ ದಣಿದಿದ್ದಳು.

ಮುಂದಿನ ಮಂಗಳವಾರ ಮೇಷ್ಟರು ಟೋಪಿಯ ಮೇಲಿನ ಮಳೆಹನಿ ಕೊಡವುತ್ತ ಬಂದರು. "ಏನು ಹುಡುಗಿ, ನಿನ್ನ ಉಣ್ಣಿ ಇವತ್ತಾದ್ರೂ ಮುಖ ತೋರಿಸುತ್ತಾ?" ಎಂದು ಸ್ಟೂಲು ಎಳೆದುಕೊಂಡು ಕೂತರು. ಬುರುಡೆಗೆ ನೀರು ಹೊಯ್ದರು. ಎಂದಿನಂತೆ ಮೊದಲನೆಯದನ್ನು ತಾವು ಕುಡಿದು, ಎರಡನೆಯದನ್ನು ಅವಳತ್ತ ಚಾಚಿದರು.

ಸುಲ್ಮಾ ಕೈ ಮುಂದೆ ಮಾಡಲಿಲ್ಲ. "ಮೇಷ್ಟ್ರೆ, ಇನ್ಮೇಲೆ ಮಂಗಳವಾರ ಬರ್ಬೇಡಿ," ಎಂದಳು.

"ಹಾಗಾ? ಬುಧವಾರ ಬರ್ಲಾ? ನಂಗೇನು, ಎಲ್ಲಾ ದಿನಾನೂ ಒಂದೇ."

"ಬುಧವಾರಾನೂ ಬೇಡ." ಅವಳು ಮೇಜಿನ ಕಡೆಗೇ ನೋಡುತ್ತ ಹೇಳಿದಳು. "ಆರ್‌ಎನ್‌ಎ ಉಳೀತಾ ಇಲ್ಲ. ಎಲ್ಲಾ ನೋಡಿದೆ. ನೀರು ಬದಲಾಯಿಸಿದೆ, ನಳಿಕೆ ಬದಲಾಯಿಸಿದೆ. ಇನ್ನೇನೂ ಉಳಿದಿಲ್ಲ ಮೇಷ್ಟ್ರೆ. ಕೈ ಮೇಲಿನ ಎಂಜಲು…"

ಮೇಷ್ಟರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. "ನನ್ನದಾ?"

"ಇರಬಹುದು."

ಅವರು ತಮ್ಮ ಅಂಗೈಯನ್ನು ಹೊಸದಾಗಿ ಕಂಡವರಂತೆ ನೋಡಿಕೊಂಡರು. "ಕೈಗವಸು ಇಲ್ದೆ ಏನೂ ಮುಟ್ಟಬಾರ್ದು ಅಂತ ನಿಂಗೆ ಹೇಳಿಕೊಟ್ಟಿದ್ದೇ ನಾನು."

"ಹೌದು ಮೇಷ್ಟ್ರೆ."

"ಮರ್ತುಬಿಟ್ಟಿದ್ದೀನಿ ನೋಡು. ಎಲಿದಾ ಇದ್ದಿದ್ರೆ ಬೈದು ನೆನಪು ಮಾಡ್ತಿದ್ಲು." ಅವರು ನಗಲು ನೋಡಿದರು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಜೇಬಿನಿಂದ ಕರವಸ್ತ್ರ ತೆಗೆದು ತಾವು ಕೂತಿದ್ದ ಸ್ಟೂಲನ್ನು ಒರೆಸಿದರು, ಮೊಣಕೈ ಊರಿದ್ದ ಮೇಜಿನ ಅಂಚನ್ನು ಒರೆಸಿದರು. ಬಿಸ್ಕತ್ತಿನ ಚೀಲವನ್ನು ದೂರದ ಕಿಟಕಿಯ ಕಟ್ಟೆಯ ಮೇಲಿಟ್ಟು ಹೇಳಿದರು, "ಇದನ್ನ ಮಿಲ್ಟನ್‌ಗೆ ಕೊಡು. ಚೀಲದ ಹೊರಗಡೆ ಮಾತ್ರ ಮುಟ್ಟಿದ್ದೀನಿ."

ಬಾಗಿಲು ಮುಚ್ಚಿಕೊಂಡಿತು. ಮಿಲ್ಟನ್ ತಲೆ ಎತ್ತಲಿಲ್ಲ. ಸುಲ್ಮಾ ಕೈಗವಸು ಹಾಕಿಕೊಂಡು ಇಡೀ ಮೇಜನ್ನು ಘಾಟು ದ್ರಾವಣದಿಂದ ತಿಕ್ಕಿದಳು.  ಮೇಷ್ಟರು ಒರೆಸಿ ಹೋದ ಅಂಚನ್ನೂ ಬಿಡಲಿಲ್ಲ.

ಕೊನೆಯ ಸಲದ ಆರ್‌ಎನ್‌ಎ ತಯಾರಾದಾಗ ಅದು ನಳಿಕೆಯ ತಳದಲ್ಲಿ ಒಂದು ಕಣ್ಣೀರಿನಷ್ಟಿತ್ತು. ಜೆಲ್ ಓಡಿಸಿ ಒಂದು ಗೆರೆಯೋ ಎರಡೋ ನೋಡೋಣವೆಂದರೆ ಅಷ್ಟರಲ್ಲೇ ಒಂದು ಪಾಲು ಹೋಗುತ್ತದೆ. ಇರುವುದನ್ನು ಪರೀಕ್ಷೆಗೆ ಸುರಿದು ಹನಿಗೆ ಏನು ಉಳಿಸುವುದು? ಅವಳು ಪರೀಕ್ಷೆ ಬಿಟ್ಟಳು. ಇದ್ದದ್ದನ್ನೆಲ್ಲ ಬೆಚ್ಚಗೆ ಮಾಡಿ, ಮೆಗ್ನೀಸಿಯಂ ಬೆರೆಸಿ, ಸಾಲಾಗಿ ಹನಿ ಇಟ್ಟು, ತಟ್ಟೆಗಳನ್ನು ತಣ್ಣನೆ ಕೋಣೆಯಲ್ಲಿ ಮುಚ್ಚಿಟ್ಟಳು. ಮೇಷ್ಟರ ಸ್ಟೂಲು ಖಾಲಿ ಇತ್ತು. ಅದನ್ನು ಎತ್ತಿ ಕಾರಿಡಾರಿನಲ್ಲಿಟ್ಟಳು.

ಸೆಪ್ಟೆಂಬರ್ ಮುಗಿಯುವ ಮೊದಲು ಹರಳು ಕಟ್ಟಿತು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಅವಳು ಮೊದಲು ಧೂಳೆಂದುಕೊಂಡಳು. ಆಮೇಲೆ ಅಂಚು ಕಂಡಿತು, ಹರಿತವಾದ ನೇರ ಅಂಚು. ಪಕ್ಕದಲ್ಲಿ ಇನ್ನೊಂದು, ಅದರಾಚೆ ಇನ್ನೊಂದು. ಅವಳು ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದಳು. ಮಿಲ್ಟನನನ್ನು ಕರೆದಳು. ಅವನು ನೋಡಿ, ಪ್ರಯೋಗಾಲಯ ಅನ್ನುವುದನ್ನೂ ಮರೆತು ಕೂಗಿಬಿಟ್ಟ.

"ನೋಡಿದ್ಯಾ? ಒಂದೇ ಒಂದು ಸಲ ಮುದುಕಪ್ಪನ್ನ ದೂರ ಇಟ್ಟೆ, ಬಂತು! ನಾನು ಬಡ್ಕೊಳ್ಲಿಲ್ವಾ?"

"ಹೌದು," ಎಂದಳು ಸುಲ್ಮಾ. "ನೀನು ಹೇಳಿದ್ದೇ ಸರಿ."

ಹಾಗೆಂದಾಗ ಅವಳಿಗೆ ಸಮಾಧಾನವೂ ಆಯಿತು. ಮಾಡಿದ್ದು ಕಠೋರವಾದರೂ ಮಾಡಲೇಬೇಕಾದದ್ದಾಗಿತ್ತು ಎಂದು ಹರಳೇ ಸಾಕ್ಷಿ ಹೇಳಿತಲ್ಲ! ಮೇಷ್ಟರಿಗೆ ಫೋನ್ ಮಾಡೋಣ ಎಂದುಕೊಂಡಳು. ಮಾಡಿ ಏನು ಹೇಳುವುದು? ನೀವು ಬರದಿದ್ದಕ್ಕೇ ಕಟ್ಟಿತು ಎನ್ನಲೇ? ಆಕಾರ ಕೈಗೆ ಬರಲಿ, ಆಗ ತೆಗೆದುಕೊಂಡು ಹೋಗಿ ತೋರಿಸಿದರಾಯಿತು ಎಂದು ಮುಂದೂಡಿದಳು. ಮಂಗಳವಾರಗಳು ಬಂದವು, ಹೋದವು. ಅವರು ಬರಲಿಲ್ಲ, ಅವಳೂ ಕರೆಯಲಿಲ್ಲ.

ದ್ರವ ನೈಟ್ರೋಜನ್ನಿನಲ್ಲಿ ತಣಿಸಿದ ಪಾತ್ರೆಯಲ್ಲಿ ಹರಳುಗಳು ಕಂಪೀನಾಸಿಗೆ ಹೋದವು. ಸರದಿಯ ದಿನ ಸುಲ್ಮಾ ಇಲ್ಲೇ ಪರದೆಯ ಮುಂದೆ ಕೂತು ಅಲ್ಲಿನ ಯಂತ್ರ ನಡೆಸಿದಳು. ಹಿಂದೆಂದೋ ಮೆಗ್ನೀಸಿಯಂ ಇಲ್ಲದೆ ಕಟ್ಟಿಸಿ ಕಳಿಸಿದ್ದ ಕಡ್ಡಿಪುಡಿ ಹರಳುಗಳು ಎರಡು ಮಸುಕು ಚುಕ್ಕೆ ತೋರಿಸಿ ಸುಮ್ಮನಾಗಿದ್ದವು. ಈ ಸಲ ಪರದೆಯ ಅಂಚಿನವರೆಗೂ ಚುಕ್ಕೆ, ಕೊಯ್ದಿಟ್ಟಂತೆ ಸ್ಪಷ್ಟ. ಭಾರದ ಲೋಹದ ದ್ರಾವಣದಲ್ಲಿ ನೆನೆಸಿದ ಇನ್ನೊಂದು ಹರಳೂ ಚುಕ್ಕೆ ಕೊಟ್ಟಿತು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಆಕಾರ ಸಿಗುತ್ತದೆ. ಮಿಲ್ಟನ್ ಅವಳ ಬೆನ್ನು ತಟ್ಟಿ, "ಇನ್ನು ಮನೆಗೆ ಹೋಗಿ ಮಲ್ಕೋ, ಹೆಣದ ಹಾಗೆ ಕಾಣ್ತಿದ್ದೀಯ," ಎಂದ. ಅವಳು ಮನೆಗೆ ಹೋಗಿ ಕೋಟು ಬಿಚ್ಚದೆಯೇ ಮಲಗಿಬಿಟ್ಟಳು.

ನವೆಂಬರೆಲ್ಲ ಲೆಕ್ಕ. ಪರದೆಯ ಮೇಲೆ ನೀಲಿ ಗೆರೆಗಳ ಬಲೆಯಂಥ ನಕ್ಷೆ ಮೂಡಿತು. ನೂಲು ಎಲ್ಲೆಲ್ಲಿ ಹಾದಿದೆಯೋ ಅಲ್ಲಿ ಬಲೆ ದಟ್ಟ. ಆ ಬಲೆಯೊಳಗೆ ಅವಳು ಒಂದೊಂದೇ ಅಕ್ಷರ ಕೂರಿಸುತ್ತ ಹೋದಳು. ಒಂದು ಮಡಿಕೆ ಬಂತು, ಅದರ ಬೆನ್ನಿಗೆ ಒರಗಿದ ಇನ್ನೊಂದು, ಎರಡರ ನಡುವೆ ನುಸುಳಿ ಹೋದ ಬಾಲ. ಕಂಪ್ಯೂಟರು ಕನವರಿಸಿದ್ದ ಯಾವ ಮುಖವೂ ಇದಾಗಿರಲಿಲ್ಲ. ಎಷ್ಟು ಅಚ್ಚುಕಟ್ಟು ಎಂದು ಅವಳಿಗೆ ಅಳು ಬರುವಂತಾಯಿತು. ಅಪ್ಪನ ಅಂಗಿಯ ಘಾಟು ನೆನಪಾಯಿತು. ಇಷ್ಟು ಚೆಂದದ್ದು ಉಣ್ಣಿಯ ಜೊಲ್ಲಿನಲ್ಲಿ ಇತ್ತಲ್ಲ, ಎಂದುಕೊಂಡಳು.

ಆಮೇಲೆ ಒಂದು ಕಡೆ ಬಲೆ ನಿಂತುಹೋಯಿತು.

ತಾನೇ ಅಕ್ಷರ ತಪ್ಪಾಗಿ ಕೂರಿಸಿದೆನೇನೋ ಎಂದು ಬಿಚ್ಚಿ ಮತ್ತೆ ಕೂರಿಸಿದಳು. ಮತ್ತೆ ಅಲ್ಲಿಗೇ ಬಂದು ನಿಂತಿತು. ನೂಲು ಕಡಿದಿತ್ತು. ಒಂದೇ ಕಡೆ, ನುಣ್ಣಗೆ. ಕಡಿದ ಎರಡು ತುದಿಗಳು ಎದುರುಬದುರಾಗಿ ಕೂತಿದ್ದವು, ನಡುವೆ ಒಂದು ಮೆಗ್ನೀಸಿಯಂ ಕಣ. ಮತ್ತು ಆ ಜಾಗ ಇದ್ದದ್ದು ಎಲ್ಲ ಮಡಿಕೆಗಳ ಒಳಗೆ, ತೀರಾ ಒಳಗೆ. ಹೊರಗಿನ ಯಾವ ಕಿಣ್ವದ ಬಾಯಿಯೂ ಅಲ್ಲಿಗೆ ನುಗ್ಗುವಂತಿರಲಿಲ್ಲ.

ಸುಲ್ಮಾ ಕುರ್ಚಿಗೆ ಒರಗಿದಳು. ತಿಳಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಪ್ಪಿಕೊಳ್ಳಲು ಬೇಕಾಯಿತು.

"ಮಿಲ್ಟನ್, ನನಗೊಂದು ಉಪಕಾರ ಮಾಡು," ಎಂದಳು. "ಸಾಮಾನು ತರಿಸಿಕೊಡ್ತೀನಿ. ಈ ಆರ್‌ಎನ್‌ಎ ಹೊಸದಾಗಿ ನಿನ್ನ ಕೋಣೇಲಿ ನೀನೇ ಮಾಡು. ಕೈಗವಸು, ಬಾಯಿಗೆ ಬಟ್ಟೆ. ಅರ್ಧ ಹಾಗೇ ಇಡು. ಇನ್ನರ್ಧಕ್ಕೆ ಮೆಗ್ನೀಸಿಯಂ ಹಾಕು. ನಾನು ಹತ್ತಿರಕ್ಕೂ ಬರಲ್ಲ."

ಮಿಲ್ಟನ್ ಮಾಡಿದ. ಹಾಗೇ ಇಟ್ಟದ್ದು ಒಂದು ಗೆರೆ. ಮೆಗ್ನೀಸಿಯಂ ಹಾಕಿದ್ದು ಎರಡು ಗೆರೆ. ಯಾರ ಕೈಯೂ ಇಲ್ಲ, ಯಾರ ಬಾಯಿಯೂ ಇಲ್ಲ. ಮಡಚಿಕೊಂಡ ಕೂಡಲೇ ಅದು ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತಿತ್ತು. ಇಷ್ಟು ವರ್ಷ ಯಾರಿಗೂ ತಿಳಿಯದಿದ್ದ ಅದರ ಕೆಲಸ ಅದೇ. ಕತ್ತರಿಸಿಕೊಂಡ ಮೇಲೆಯೇ ಅದಕ್ಕೆ ನೆಮ್ಮದಿ, ಆಗಲೇ ಹರಳು ಕಟ್ಟುವುದು. ಎರಡು ಗೆರೆ ಕಂಡಾಗೆಲ್ಲ ಅವಳು ಕಸಕ್ಕೆ ಎಸೆದಿದ್ದಳಲ್ಲ, ಹರಳು ಕಟ್ಟಬೇಕಾಗಿದ್ದದ್ದು ಆ ನಳಿಕೆಗಳೇ. ಈ ಸಲ ಜೆಲ್ ಓಡಿಸಿ ನೋಡುವಷ್ಟು ಆರ್‌ಎನ್‌ಎ ಇರಲಿಲ್ಲ, ಅದಕ್ಕೇ ಉಳಿಯಿತು.

"ಸುಲ್ಮಾ, ಇದು ದೊಡ್ಡ ವಿಷಯ ಕಣೇ," ಎಂದ ಮಿಲ್ಟನ್, ದನಿ ತಗ್ಗಿಸಿ. "ಇಂಥದ್ದು ಉಣ್ಣೀಲಿ ಇದೆ ಅಂತ ಯಾರಿಗೂ ಗೊತ್ತಿಲ್ಲ. ಖುಷಿ ಪಡು ಮಾರಾಯ್ತಿ!"

"ಮೇಷ್ಟ್ರು ಸ್ಟೂಲು ಒರೆಸಿ ಹೋದ್ರು, ನೋಡಿದ್ಯಲ್ಲ ನೀನು?"

ಮಿಲ್ಟನ್ ಜೆಲ್ ಹಾಳೆಯನ್ನು ಅತ್ತಿತ್ತ ತಿರುಗಿಸಿದ. "ನೋಡಿದೆ," ಎಂದ. "ಹೇಳಿಕೊಟ್ಟವನು ನಾನೇ."

"ಹೇಳಿದವಳು ನಾನು."

ಖುಷಿ ಪಡಬೇಕೆಂದು ಅವಳೂ ಪ್ರಯತ್ನಿಸಿದಳು. ಬರಲಿಲ್ಲ. ಆಯುಷ್ಯವೆಲ್ಲ ಕಾದ ಮುಖ ಕೊನೆಗೂ ಎದುರು ಕೂತಿತ್ತು. ಕೂತು, ನೀನು ಓಡಿಸಿದ ಮನುಷ್ಯರಲ್ಲಿ ಒಬ್ಬರೂ ತಪ್ಪು ಮಾಡಿರಲಿಲ್ಲ ಎನ್ನುತ್ತಿತ್ತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು.

ಡಿಸೆಂಬರಿನ ಒಂದು ಶನಿವಾರ, ಸುಡು ಬಿಸಿಲಲ್ಲಿ, ಅವಳು ಸಯಾಗೊ ಬಡಾವಣೆಯ ಬಸ್ಸು ಹತ್ತಿದಳು. ಕೈಯಲ್ಲಿ ಬೇಕರಿಯ ಕಾಗದದ ಚೀಲ ಎರಡು. ಒಂದರಲ್ಲಿ ಉಪ್ಪು ಬಿಸ್ಕತ್ತು, ಇನ್ನೊಂದರಲ್ಲಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಮಾಡಿಸಿದ, ಮುಷ್ಟಿ ಗಾತ್ರದ ಆ ಆಕಾರ. ರೈಲುಹಳಿಯ ಪಕ್ಕದ ಮನೆ. ಮೇಷ್ಟರೇ ಬಾಗಿಲು ತೆಗೆದರು. ಟೈ ಇರಲಿಲ್ಲ. ಅಂಗಿ ಭುಜದಿಂದ ಜೋತುಬಿದ್ದಂತಿತ್ತು.

"ಹುಡುಗಿ!" ಎಂದರು. "ಬಾ, ಬಾ. ಹಿಂದಗಡೆ ನೆರಳಿದೆ."

ಹಿತ್ತಲ ದ್ರಾಕ್ಷಿ ಚಪ್ಪರದಡಿ ಕುರ್ಚಿ ಹಾಕಿ ಕೂರಿಸಿ ನೀರು ಕಾಯಿಸಲು ಒಳಗೆ ಹೋದರು. ಬರುವಾಗ ಕಂಕುಳಲ್ಲಿ ಫ್ಲಾಸ್ಕು, ಕೈಯಲ್ಲಿ ಒಂದಲ್ಲ, ಎರಡು ಬುರುಡೆ. ಎರಡಕ್ಕೂ ಬೇರೆ ಬೇರೆ ಕೊಳವೆ.

"ಇದು ಎಲಿದಾಳದ್ದು," ಎಂದು ಒಂದನ್ನು ಅವಳ ಮುಂದಿಟ್ಟರು. "ಕುದಿಯೋ ನೀರಲ್ಲಿ ತೊಳೆದಿದ್ದೀನಿ. ಇದು ನಿಂಗೆ. ನಂದು ನಂಗೆ."

ಈ ಊರಲ್ಲಿ ಮನೆಗೆ ಬಂದವರಿಗೆ ಬೇರೆ ಬುರುಡೆ ಕೊಡುವುದು ಅವರಿಗೋ ನಮಗೋ ಅಂಟುರೋಗವಿದ್ದಾಗ. ಸುಲ್ಮಾ ಆ ಬುರುಡೆಯನ್ನು ಬದಿಗೆ ಸರಿಸಿದಳು.

"ನಿಮ್ಮದೇ ಕೊಡಿ ಮೇಷ್ಟ್ರೆ."

"ಬೇಡ ಕಣಮ್ಮ, ನಿನ್ನ ಕೆಲಸಕ್ಕೆ…"

"ಕೊಡಿ ಅಂದೆ."

ಅವರು ಅನುಮಾನಿಸುತ್ತಲೇ ತಮ್ಮ ಬುರುಡೆಗೆ ನೀರು ಹೊಯ್ದು ಕೊಟ್ಟರು. ಅವಳು ಅವರ ಕೊಳವೆಗೆ ಬಾಯಿ ಹಚ್ಚಿ ತಳದ ನೀರು ಗೊರಗೊರ ಎನ್ನುವವರೆಗೆ ಕುಡಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಎರಡು ಗೆರೆ, ಮೆಗ್ನೀಸಿಯಂ, ಮಡಿಕೆಯ ಒಳಗಿನ ಕಡಿತ, ಮಿಲ್ಟನ್ ಮಾಡಿದ ಪರೀಕ್ಷೆ. "ನಿಮ್ಮ ಎಂಜಲಲ್ಲ ಮೇಷ್ಟ್ರೆ. ಅದು ತಾನೇ ಕತ್ತರಿಸ್ಕೊಳ್ತಾ ಇತ್ತು. ನಂಗೆ ತಿಳೀಲಿಲ್ಲ." ಚೀಲದಿಂದ ಆಕಾರವನ್ನು ತೆಗೆದು ಚಾಚಿದಳು.

ಮೇಷ್ಟರ ಕೈ ಮುಂದೆ ಬಂತು, ನಿಂತಿತು. ಅವರು ಎದ್ದು ಒಳಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು.

"ಅದು ಪ್ಲಾಸ್ಟಿಕ್ಕು ಮೇಷ್ಟ್ರೆ!" ಎಂದು ಸುಲ್ಮಾ ಕೂಗಿದಳು. ಕೂಗಿದಂತೆ ಇರಲಿಲ್ಲ, ಬೇಡಿಕೊಂಡಂತಿತ್ತು.

ಅವರು ಮೊಣಕೈವರೆಗೆ ಒದ್ದೆಯಾದ ಕೈಗಳನ್ನು ಅಂಗಿಗೆ ಒತ್ತಿಕೊಳ್ಳುತ್ತ ಬಂದು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿದರು, ಬಿಸಿಲಿಗೆ ಹಿಡಿದರು. "ಎಲ್ಲಿ ಕತ್ತರಿಸ್ಕೊಂಡಿದೆ?" ಅವಳು ಬೆರಳಿಟ್ಟು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ಒಳಗೆ ಇಣುಕಿದರು, ಆಮೇಲೆ ಗಟ್ಟಿಯಾಗಿ ನಕ್ಕರು. "ಆಹಾ, ಕಳ್ಳಿ! ಒಳಗೇ ಕೂತಿದ್ದಾಳೆ. ಎಂಥಾ ಜಾಗ ಆರಿಸಿಕೊಂಡಿದ್ದಾಳೆ ನೋಡೇ. ಮೆಗ್ನೀಸಿಯಂ ಇಲ್ಲಿ ಬರುತ್ತಾ? ಸರಿ, ಸರಿ, ಇಲ್ಲೇ ಬರ್ಬೇಕು!" ಹಳೇ ತರಗತಿಯ ದನಿ ಅವರಿಗೆ ಮರಳಿ ಬಂದಿತ್ತು. ತಮಗಾದ ನೋವಿನ ಬಗ್ಗೆ ಒಂದು ಮಾತಿಲ್ಲ.

"ನನ್ನನ್ನ ಬೈದುಬಿಡಿ ಮೇಷ್ಟ್ರೆ," ಎಂದಳು ಸುಲ್ಮಾ.

"ಯಾಕೆ? ನಾನಾಗಿದ್ರೂ ಓಡಿಸ್ತಿದ್ದೆ. ಹರಳು ಬಂತಲ್ಲ, ಮುಖ ನೋಡಿದ್ಯಲ್ಲ." ಅವರು ಮತ್ತೆ ಅದನ್ನು ತಿರುಗಿಸಿ ನೋಡುತ್ತ, ಏನೋ ಹೊಳೆದವರಂತೆ ತಲೆ ಎತ್ತಿದರು. "ಅಂದ್ರೆ ನಾನೇನೂ ಕೆಡಿಸಿರ್ಲಿಲ್ಲ."

"ಇಲ್ಲ ಮೇಷ್ಟ್ರೆ. ಏನೂ ಕೆಡಿಸಿರ್ಲಿಲ್ಲ."

"ಹಾಗಾದ್ರೆ ಈ ಮಂಗಳವಾರ ಬರಬಹುದು," ಎಂದರು. ಮುಖವೆಲ್ಲ ಬೆಳಗಿತ್ತು. "ಬೇಕಾದ್ರೆ ಕೈಗವಸು ಹಾಕ್ಕೊಂಡೇ ಕೂರ್ತೀನಿ. ಮಾಟೆ ಮೆಟ್ಟಿಲ ಮೇಲೆ ಕುಡಿದು ಬರ್ತೀನಿ."

ಸುಲ್ಮಾ ಚಪ್ಪರದ ನೆರಳನ್ನು ನೋಡಿದಳು. ಹಿಂದಿನ ದಿನವಷ್ಟೇ ಅವಳು ಮೇಜು ಖಾಲಿ ಮಾಡಿದ್ದಳು. ಪ್ರೋಟೀನಿನವರು ತಮ್ಮ ಯಂತ್ರವನ್ನು ಅಲ್ಲಿ ತಂದಿಟ್ಟಾಗಿತ್ತು. ಕಾರಿಡಾರಿನ ಸ್ಟೂಲನ್ನು ಯಾರೋ ಒಯ್ದಿದ್ದರು.

"ಮೇಜು ಹೋಯ್ತು ಮೇಷ್ಟ್ರೆ," ಎಂದಳು. "ನಿನ್ನೆ ಬೀಗದ ಕೈ ಕೊಟ್ಟುಬಿಟ್ಟೆ."

"ಹೌದಲ್ಲ," ಎಂದರು ಅವರು. "ಡಿಸೆಂಬರ್ ಬಂದೇಬಿಡ್ತು."

ಹಳಿಯ ಮೇಲೆ ಒಂದು ಗೂಡ್ಸ್ ಬಂಡಿ ನಿಧಾನವಾಗಿ ಹಾದು ಹೋಯಿತು.  ಮೇಷ್ಟರು ಆ ಆಕಾರವನ್ನು ಎಲಿದಾಳ ಬುರುಡೆಯ ಪಕ್ಕ ಮೇಜಿನ ಮೇಲಿಟ್ಟು, ತಮ್ಮ ಬುರುಡೆಗೆ ನೀರು ಹೊಯ್ದು ಅವಳ ಕೈಗಿಟ್ಟರು.

"ತಗೋ ಹುಡುಗಿ, ಆರಿಹೋಗುತ್ತೆ."

ಅವಳು ಕುಡಿದಳು. ಕಣ್ಣಲ್ಲಿ ನೀರು ತುಂಬಿ ಬಂತು. ಬಿಸಿ ಹೆಚ್ಚಾಯಿತೇನೋ ಎಂದು ಮೇಷ್ಟರು, ನೀರು ಆರಲೆಂದು, ಫ್ಲಾಸ್ಕಿನ ಮುಚ್ಚಳ ತೆಗೆದಿಟ್ಟರು.